ಬ್ರ್ಯಾಡ್‌ಫೀಲ್ಡ್ ಕಾಲೇಜಿನ ಗ್ರೀಕ್ ಬಯಲು ನಾಟಕ

ಹೆಸರು ಕಾಲೇಜು, ಆದರೆ ಇದು ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿ 1850ರಲ್ಲಿ ಥಾಮಸ್ ಸ್ಟೀವನ್ಸ್ ಸ್ಥಾಪಿಸಿದ ವಸತಿ ಶಾಲೆ. ಇಲ್ಲಿ ಮೊದಲ ಗ್ರೀಕ್ ನಾಟಕವಾಗಿ 1881ರಲ್ಲಿ ಯೂರಿಪಿಡೀಸನ ‘ಆಲ್ಸೆಸ್ಟಿಸ್’ ನಡೆಯಿತು. ಆಗಿನ್ನೂ ಬಯಲು ರಂಗಮಂದಿರ ಇರಲಿಲ್ಲ. ಮುಖ್ಯಸ್ಥ ಹರ್ಬರ್ಟ್ ಗ್ರೇ ಅವರು ಹಳೆಯ ಸುಣ್ಣಕಲ್ಲಿನ ಕ್ವಾರಿಯೊಂದನ್ನು ಕಡಿಸಿ, ಗ್ರೀಸಿನ ಎಪಿಡಾರಸ್ ರಂಗಮಂದಿರದ ಮಾದರಿಯಲ್ಲಿ ಅರ್ಧವೃತ್ತಾಕಾರದ ಮೆಟ್ಟಿಲು ಆಸನಗಳನ್ನು ಮಾಡಿಸಿದರು. 1890ರಲ್ಲಿ ಸಾಫೊಕ್ಲೀಸನ ‘ಆಂಟಿಗೊನಿ’ಯೊಂದಿಗೆ ಅದು ಆರಂಭವಾಯಿತು.

ವಿದ್ಯಾರ್ಥಿಗಳು ಮೂಲ ಗ್ರೀಕ್ ಭಾಷೆಯಲ್ಲೇ ಅಭಿನಯಿಸುವುದು ಇದರ ವಿಶೇಷ. ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಪ್ರದರ್ಶನ. ಸುರಕ್ಷತೆಯ ಕಾರಣಕ್ಕೆ 2009ರಲ್ಲಿ ಮುಚ್ಚಿದ ರಂಗಮಂದಿರ ದುರಸ್ತಿಯಾಗಿ 2014ರಲ್ಲಿ ಮತ್ತೆ ತೆರೆಯಿತು.

ಕೇಂಬ್ರಿಜ್‌ನ ಗ್ರೀಕ್ ನಾಟಕ ಪರಂಪರೆ ಬೇರೆಯೇ: ಅದು 1882ರಲ್ಲಿ ಸಾಫೊಕ್ಲೀಸನ ‘ಅಜಾಕ್ಸ್’ನಿಂದ ಶುರುವಾಯಿತು. ಈ ನಾಟಕಕ್ಕೆ ಕನ್ನಡದ ನಂಟೂ ಇದೆ. ಇದರ ಆಧಾರದಲ್ಲಿ ಬಿ.ಎಂ.ಶ್ರೀ. ಅವರು ಮಹಾಭಾರತದ ಪಾತ್ರವನ್ನಿಟ್ಟುಕೊಂಡು ‘ಅಶ್ವತ್ಥಾಮನ್’ (1929) ಬರೆದರು. ಅವರ ‘ಪಾರಸಿಕರು’ (1935) ಈಸ್ಕಿಲಸನ ನಾಟಕದ ಅನುವಾದ. ಗ್ರೀಕ್ ನಾಟಕದ ಮತ್ತೊಂದು ಕನ್ನಡ ರೂಪವಾದ ‘ದೊರೆ ಈಡಿಪಸ್’ ಪಿ. ಲಂಕೇಶರದು.