ಮೊಟ್ಟೆಕೋಳಿಗೆ ಬೆಳಕಿನ ಲೆಕ್ಕ

ಚಳಿಗಾಲದಲ್ಲಿ ಮೊಟ್ಟೆ ಇಳಿದರೆ ಕೋಳಿ ಸಾಕುವವರು ಮೊದಲು ಆಹಾರವನ್ನು ದೂರುವುದುಂಟು. ಕಾರಣ ಹಗಲೂ ಆಗಿರಬಹುದು. ಬೆಂಗಳೂರಿನಲ್ಲಿ ಜೂನ್ ತಿಂಗಳ ಸುಮಾರು 13 ಗಂಟೆಯ ಹಗಲು ಡಿಸೆಂಬರಿನಲ್ಲಿ 11 ಗಂಟೆ 20 ನಿಮಿಷದಷ್ಟಕ್ಕೆ ಇಳಿಯುತ್ತದೆ.

ಬೆಳಕು ತಲೆಬುರುಡೆಯ ಮೂಲಕವೂ ಮಿದುಳನ್ನು ಮುಟ್ಟುತ್ತದೆ. ಕುರುಡು ಕೋಳಿಯೂ ದೀಪಕ್ಕೆ ಸ್ಪಂದಿಸುವುದು ಇದರಿಂದಲೇ. ಕೋಳಿಯ ಒಳಗಡಿಯಾರ ಹಗಲನ್ನು ಅಳೆಯುತ್ತದೆ. ಹಗಲು ಉದ್ದವಿದ್ದರೆ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳು ಅಂಡಾಶಯವನ್ನು ಚುರುಕುಗೊಳಿಸುತ್ತವೆ.

ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 16 ಗಂಟೆ ಬೆಳಕು ಸಾಕು. ಕೊರತೆಯನ್ನು ನಸುಕಿನಲ್ಲಿ ದೀಪ ಹಾಕಿ, ವಾರಕ್ಕೆ ಅರ್ಧ ಗಂಟೆಯಂತೆ ಏರಿಸುತ್ತ ತುಂಬಬೇಕು. ಏರಿಸಿದ ಬೆಳಕನ್ನು ಇಳಿಸಬಾರದು. ಇಳಿಸಿದರೆ ಮೊಟ್ಟೆ ನಿಂತು ಗರಿ ಉದುರಬಹುದು. ಕರೆಂಟು ನೆಚ್ಚಲಾಗದ ಊರುಗಳಲ್ಲಿ ಇದೇ ತೊಡಕು.

ಎಂಟು ವಾರ ದಾಟಿ ಇನ್ನೂ ಬೆಳೆಯುತ್ತಿರುವ ಮರಿಗಳ ಮನೆಯಲ್ಲಿ ಮಾತ್ರ ಈ ದೀಪ ಬೇಡ. ಮೈ ಬಲಿಯುವ ಮೊದಲೇ ಇಡತೊಡಗಿದರೆ ಮೊಟ್ಟೆ ಸಣ್ಣದಾಗುತ್ತದೆ, ಗರ್ಭನಾಳ ಹೊರಬಿದ್ದು ಕೋಳಿ ಸಾಯುವುದೂ ಉಂಟು.