ಚಾರಣ ಮಾಡದೆಯೂ ಹಿಮಾಲಯ: ಜಿಗಣಿಯಿಂದ ಐದಾರು ದಿನಕ್ಕೆ ನೇಪಾಳ

ಆಯುಧಪೂಜೆಗೆ ಯಂತ್ರಗಳಿಗೆಲ್ಲ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಜಿಗಣಿಯ ಫ್ಯಾಕ್ಟರಿಗಳು ಬಾಗಿಲು ಹಾಕುವ ದಿನಗಳಲ್ಲೇ ನೇಪಾಳ ನೋಡಿಬರುವ ಲೆಕ್ಕ ಹಲವರದು. ಲೆಕ್ಕ ತಪ್ಪುವುದು ಅಲ್ಲೇ. ನಮಗೆ ದಸರೆಯಾದಾಗ ಅಲ್ಲಿ ದಶೈಂ, ನೇಪಾಳಿಗಳ ವರ್ಷದ ದೊಡ್ಡ ಹಬ್ಬ. ಕಠ್ಮಂಡುವಿನಲ್ಲಿ ದುಡಿಯುವವರು ಊರಿಗೆ ಹೊರಡುತ್ತಾರೆ, ಬಸ್ಸು-ವಿಮಾನಗಳಲ್ಲಿ ಸೀಟು ಸಿಗುವುದು ಕಷ್ಟ, ವಿಜಯದಶಮಿಯ ಆಸುಪಾಸು ಅಂಗಡಿಗಳ ಶಟರ್ ಇಳಿದಿರುತ್ತದೆ. ರಜೆ ಹಾಕುವುದಾದರೆ ನವೆಂಬರ್‌ನಲ್ಲಿ ಹಾಕಬೇಕು. ಆಗ ಮಳೆ ನಿಂತಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಮಕ್ಕಳ ಬೇಸಿಗೆ ರಜೆಗೇ ಕಾಯುವವರಿಗೆ ಏಪ್ರಿಲ್ ಆದೀತು, ಆದರೆ ಕಾಡ್ಗಿಚ್ಚಿನ ಹೊಗೆಗೆ ಶಿಖರಗಳು ಮಸುಕಾಗುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. 2024ರ ಸೆಪ್ಟೆಂಬರ್ ಕೊನೆಯ ಮಳೆಗೆ ಕಠ್ಮಂಡುವಿನ ಹೆದ್ದಾರಿಗಳೇ ಕಡಿದುಹೋಗಿದ್ದವು.

ಮೊಣಕಾಲು ನೋವಿನ ಅತ್ತೆ, ರಕ್ತದೊತ್ತಡದ ಮಾವ ಜೊತೆಗಿದ್ದರೆ ಹಿಂಜರಿಯಬೇಕಿಲ್ಲ. ಕಠ್ಮಂಡು ಇರುವುದು ಸುಮಾರು 1,400 ಮೀಟರ್ ಎತ್ತರದಲ್ಲಿ. ಪೋಖರಾ 800 ಮೀಟರ್ ಆಸುಪಾಸು, ಅಂದರೆ ಬೆಂಗಳೂರಿಗಿಂತಲೂ ತಗ್ಗು! ಎತ್ತರದ ಕಾಯಿಲೆಯ ಭಯ ಇಲ್ಲಿಲ್ಲ.

ಮೊದಲು ಕಾಗದಪತ್ರ. ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಬೇಕೇ ಬೇಕು. ಆಧಾರ್, ಡ್ರೈವಿಂಗ್ ಲೈಸೆನ್ಸ್ ನಡೆಯುವುದಿಲ್ಲ. 15 ವರ್ಷದೊಳಗಿನವರಿಗೆ, 65 ದಾಟಿದವರಿಗೆ ಮಾತ್ರ ಆಧಾರ್‌ನಂಥ ಫೋಟೊ ಇರುವ ದಾಖಲೆ ಸಾಕು. ತೊಡಕು ಬರುವುದು ನಡುವಿನವರಿಗೆ. 15ರಿಂದ 18ರ ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಶಾಲೆಯ ಮುಖ್ಯಸ್ಥರಿಂದ ನಿಗದಿತ ನಮೂನೆಯ ಗುರುತಿನ ಪತ್ರ ಬರೆಸಿಕೊಳ್ಳಬೇಕು. ಟಿಕೆಟ್ ಕಾಯ್ದಿರಿಸುವ ಮೊದಲೇ ಮನೆಮಂದಿಯ ದಾಖಲೆಗಳಲ್ಲಿ ಹೆಸರಿನ ಇನಿಷಿಯಲ್ ಒಂದೇ ರೀತಿ ಇದೆಯೇ ಎಂದು ನೋಡಿಕೊಂಡರೆ ಕೌಂಟರಿನಲ್ಲಿ ವಾದ ಮಾಡುವುದು ತಪ್ಪುತ್ತದೆ.

ರೈಲಿನಲ್ಲಿ ಗೋರಖಪುರ ತಲುಪಿ ಸುನೌಲಿ ಗಡಿ ದಾಟುವ ದಾರಿ ಅಗ್ಗದ್ದು ನಿಜ. ಆದರೆ ಹೋಗಿಬರುವುದರಲ್ಲೇ ರಜೆ ಕರಗುತ್ತದೆ. ನೇರ ವಿಮಾನ ಸಿಗದಿದ್ದರೆ ದೆಹಲಿ ಮೂಲಕ, ಎರಡೂ ಹಾರಾಟ ಒಂದೇ ಟಿಕೆಟಿನಲ್ಲಿರುವಂತೆ ಕಾಯ್ದಿರಿಸುವುದು ಕ್ಷೇಮ. ಜಿಗಣಿಯವರಿಗೆ ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪುವುದೇ ಅರ್ಧ ಪ್ರಯಾಣ, ಇಡೀ ಬೆಂಗಳೂರನ್ನು ದಾಟಬೇಕು. ಎಲೆಕ್ಟ್ರಾನಿಕ್ ಸಿಟಿಯಿಂದ ಬಿಎಂಟಿಸಿಯ ವಾಯುವಜ್ರ ಬಸ್ಸಿದೆ. ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್‌ನಿಂದ.

ಹಣದ ಲೆಕ್ಕ ಸುಲಭ: 100 ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ, 1993ರಿಂದ ಬದಲಾಗದ ದರ. ಅಂಗಡಿಯವನು ಬೆಲೆ ಹೇಳಿದಾಗ ‘ಐಸಿಯೋ ಎನ್‌ಸಿಯೋ’ ಎಂದು ಕೇಳಿಕೊಳ್ಳಬೇಕು. ಐಸಿ ಎಂದರೆ ನಮ್ಮ ರೂಪಾಯಿ, ಎನ್‌ಸಿ ಅವರದು. ನೂರರ ನೋಟು ಸಲೀಸಾಗಿ ನಡೆಯುತ್ತದೆ. ದೊಡ್ಡ ನೋಟುಗಳ ನಿಯಮ ಬದಲಾಗುತ್ತಿರುವುದರಿಂದ ಹೊರಡುವ ಮುನ್ನ ವಿಚಾರಿಸಬೇಕು. 2024ರಿಂದ ಫೋನ್‌ಪೇ ಜಾಲದ ಕ್ಯುಆರ್ ಇರುವ ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತಿದೆ (ಇದು ನೇಪಾಳದ ಫೋನ್‌ಪೇ, ನಮ್ಮ ಮೊಬೈಲಿನಲ್ಲಿರುವುದಲ್ಲ). ಗಡಿಯಾರವನ್ನು 15 ನಿಮಿಷ ಮುಂದಿಟ್ಟರೆ ಸಿದ್ಧತೆ ಮುಗಿಯಿತು.

ಇನ್ನು ನೋಡುವುದು. ಐದಾರು ದಿನಕ್ಕೆ ಕಠ್ಮಂಡು ಮತ್ತು ಪೋಖರಾ, ಇವೆರಡೇ ಸಾಕು. ಲುಂಬಿನಿ, ಚಿತ್ವನ್ ಎಲ್ಲವನ್ನೂ ತುರುಕಿದ ಪ್ಯಾಕೇಜುಗಳಲ್ಲಿ ಹೆಚ್ಚಾಗಿ ಕಾಣುವುದು ವ್ಯಾನಿನ ಕಿಟಕಿಯೇ.

ಕಠ್ಮಂಡುವಿಗೆ ಎರಡು ಪೂರ್ತಿ ದಿನ. ಕನ್ನಡಿಗರು ಪಶುಪತಿನಾಥನಿಗೆ ಕೊಂಚ ಹೆಚ್ಚು ಹೊತ್ತು ಕೊಡಲು ಕಾರಣವಿದೆ. ಇಲ್ಲಿನ ಮೂಲಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ಇರುವುದು ದಕ್ಷಿಣ ಭಾರತದಿಂದ, ಅದರಲ್ಲೂ ಕರ್ನಾಟಕದ ಕರಾವಳಿ ಕಡೆಯಿಂದ ಬರುವ ಭಟ್ಟರಿಗೆ. ಶತಮಾನಗಳ ಈ ಪದ್ಧತಿಯನ್ನು ಮುರಿದು 2008ರ ಕೊನೆಯಲ್ಲಿ ಅಲ್ಲಿನ ಮಾವೋವಾದಿ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಿದಾಗ ದೊಡ್ಡ ಪ್ರತಿಭಟನೆಯೇ ಎದ್ದಿತು. ಸರ್ಕಾರ ಹಿಂದೆ ಸರಿಯಿತು. ಕರ್ನಾಟಕ-ನೇಪಾಳದ ನಂಟು ಇನ್ನೂ ಹಳೆಯದು. 1097ರಲ್ಲಿ ಸಿಮ್ರೌನ್‌ಗಢದಲ್ಲಿ ರಾಜ್ಯ ಕಟ್ಟಿದ ನಾನ್ಯದೇವನ ವಂಶಕ್ಕೆ ಕರ್ಣಾಟ ವಂಶವೆಂದೇ ಹೆಸರು. ಆ ಊರು ಈಗಿರುವುದು ನೇಪಾಳದ ತರಾಯಿಯಲ್ಲಿ. ಪಶುಪತಿನಾಥ ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಹೋಗಬೇಕು. ಚರ್ಮದ ಬೆಲ್ಟು, ಪರ್ಸು ಒಳಗೆ ಬಿಡುವುದಿಲ್ಲ, ಫೋಟೊ ನಿಷಿದ್ಧ. ಶನಿವಾರ ನೇಪಾಳದ ವಾರದ ರಜೆ, ದೇವಸ್ಥಾನಗಳೆಲ್ಲ ತುಂಬಿ ತುಳುಕುತ್ತವೆ.

ಸ್ವಯಂಭೂ ಸ್ತೂಪಕ್ಕೆ ಪೂರ್ವದ ಕಡೆ 365 ಮೆಟ್ಟಿಲಿವೆ. ಪಶ್ಚಿಮದ ಕಡೆ ವಾಹನ ಮೇಲೆಯೇ ಹೋಗುತ್ತದೆ. ಟ್ಯಾಕ್ಸಿಯವನಿಗೆ ಹತ್ತುವ ಮೊದಲೇ ಹೇಳಬೇಕು. ಪಕ್ಕದ ಭಕ್ತಪುರದ ಐದಂತಸ್ತಿನ ನ್ಯಾತಪೋಲ ದೇಗುಲ 1702ರದು, 2015ರ ಭೂಕಂಪಕ್ಕೂ ಉರುಳಲಿಲ್ಲ. ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಜಿಗಣಿಯವರು ಪಾಟನ್‌ನ ಕೃಷ್ಣ ಮಂದಿರದ ಎದುರು ನಿಂತರೆ ಬೇಗ ಕದಲಲಾರರು: ಇಟ್ಟಿಗೆ-ಮರದ ಗುಡಿಗಳ ನಡುವೆ 1637ರ ಕಲ್ಲಿನ ಗುಡಿ. ಈ ಗುಡಿಗಳಿರುವ ಚೌಕಗಳ ಪ್ರವೇಶ ಶುಲ್ಕದಲ್ಲಿ ಸಾರ್ಕ್ ದೇಶದವರಿಗೆ ರಿಯಾಯಿತಿಯಿದೆ, ಗುರುತಿನ ಚೀಟಿ ಜೇಬಿನಲ್ಲಿರಲಿ.

ಹಿಮಶಿಖರ ನೋಡಲು ಚಂದ್ರಗಿರಿ ಕೇಬಲ್ ಕಾರ್ ಸುಲಭದ ದಾರಿ. 2016ರಲ್ಲಿ ಶುರುವಾದ ಇದು ಥಾನ್‌ಕೋಟ್ ಬಳಿಯಿಂದ ಸುಮಾರು 2,500 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಕೈಯಲ್ಲಿ ಇನ್ನಷ್ಟು ಕಾಸಿದ್ದರೆ ಒಂದು ಗಂಟೆಯ ‘ಮೌಂಟನ್ ಫ್ಲೈಟ್’ ಎವರೆಸ್ಟ್‌ವರೆಗೆ ಹಾರಿಸಿ ತರುತ್ತದೆ. ಇದನ್ನು ಮೊದಲ ಬೆಳಗಿಗೇ ಇಟ್ಟುಕೊಳ್ಳಬೇಕು. ಮೋಡ ಕವಿದು ರದ್ದಾದರೆ ಮರುದಿನವಾದರೂ ಕೈಯಲ್ಲಿರುತ್ತದೆ.

ಕಠ್ಮಂಡುವಿನಿಂದ ಪೋಖರಾ 200 ಕಿಲೋಮೀಟರ್. ಮೈಸೂರಿಗೆ ಹೋಗಿಬರುವವರು ಇದನ್ನು ನಾಲ್ಕು ತಾಸು ಎಂದುಕೊಂಡಾರು. ತಿರುವು, ಲಾರಿ, ರಸ್ತೆ ಕಾಮಗಾರಿಗಳ ನಡುವೆ ಅದರ ದುಪ್ಪಟ್ಟು ಹಿಡಿದರೂ ಅಚ್ಚರಿಯಿಲ್ಲ. ವಿಮಾನಕ್ಕೆ ಅರ್ಧ ಗಂಟೆಯೂ ಬೇಡ. ಹೋಗುವಾಗ ಬಲಗಡೆಯ, ಬರುವಾಗ ಎಡಗಡೆಯ ಕಿಟಕಿ ಕೇಳಬೇಕು, ಹಿಮಾಲಯ ಇರುವುದು ಆ ಬದಿಯಲ್ಲಿ. ಒಂದು ಕಡೆಯಾದರೂ ರಸ್ತೆಯಲ್ಲೇ ಹೋಗುವವರು ಕುರಿಂತಾರ್‌ನಲ್ಲಿ ಇಳಿದು, 1998ರಿಂದ ಓಡುತ್ತಿರುವ ಕೇಬಲ್ ಕಾರಿನಲ್ಲಿ ಮನಕಾಮನಾ ದೇವಿಯ ದರ್ಶನ ಮುಗಿಸಬಹುದು. ಮಧ್ಯಾಹ್ನ ಊಟದ ಹೊತ್ತಿಗೆ ಅದು ನಿಲ್ಲುತ್ತದೆ.

ಪೋಖರಾದಲ್ಲಿ ಫೇವಾ ಸರೋವರದ ದಂಡೆಯಲ್ಲೇ ರೂಮು ಹಿಡಿದರೆ ಅರ್ಧ ನೋಟ ಕೂತಲ್ಲೇ ಆಗುತ್ತದೆ. ಸರೋವರದ ನಡುವಿನ ಬಾರಾಹಿ ಗುಡಿಗೆ ದೋಣಿ, ಸರಾಂಗ್‌ಕೋಟ್ ಗುಡ್ಡಕ್ಕೆ ನಸುಕಿನಲ್ಲಿ ಟ್ಯಾಕ್ಸಿ, ಮಧ್ಯಾಹ್ನಕ್ಕೆ ಪರ್ವತ ವಸ್ತುಸಂಗ್ರಹಾಲಯ. ಇಲ್ಲಿಂದ ಕಾಣುವ, ಮೀನಿನ ಬಾಲದಂಥ ತುದಿಯ ಮಚ್ಛಾಪುಚ್ಛ್ರೆ ಶಿಖರ 6,993 ಮೀಟರ್. ಪವಿತ್ರವೆಂದು ಅದನ್ನು ಹತ್ತಲು ಯಾರಿಗೂ ಅನುಮತಿಯಿಲ್ಲ. ಮರಳುವ ಹಿಂದಿನ ರಾತ್ರಿ ಕಠ್ಮಂಡುವಿನಲ್ಲೇ ಇರಬೇಕು. ಮಂಜಿಗೆ ಪೋಖರಾದ ವಿಮಾನ ತಡವಾಗಿ ಬೆಂಗಳೂರಿನ ವಿಮಾನ ತಪ್ಪಿದರೆ ಹಣ ವಾಪಸು ಬರುವ ಖಾತ್ರಿಯಿಲ್ಲ.

ಮನೆಯ ಹಿರಿಯರು ಮುಕ್ತಿನಾಥ, ಗಂಡಕಿ, ಸಾಲಿಗ್ರಾಮ ಎಂದು ಪಟ್ಟು ಹಿಡಿದರೆ ಇದೇ ಪ್ರವಾಸಕ್ಕೆ ಅದನ್ನು ಸೇರಿಸುವುದು ಬೇಡ. ಅದು 3,700 ಮೀಟರ್ ಮೀರಿದ ಜಾಗ, ಉಸಿರು ಕಟ್ಟುತ್ತದೆ. ಅಲ್ಲಿಗೆ ಹತ್ತಿರದ ಜೋಮ್‌ಸೋಮ್‌ಗೆ ವಿಮಾನ ಹಾರುವುದು ಬೆಳಿಗ್ಗೆ ಮಾತ್ರ, ಹೊತ್ತೇರಿದಂತೆ ಕಣಿವೆಯಲ್ಲಿ ಗಾಳಿ ಏಳುತ್ತದೆ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿ ಬೇಕು, ವೈದ್ಯರ ಸಲಹೆ ಬೇಕು, ಇನ್ನೂ ಕನಿಷ್ಠ ಮೂರು ದಿನದ ರಜೆಯೂ ಬೇಕು.