ಕಾಕ್ಲಿಯರ್ ಇಂಪ್ಲಾಂಟ್ ಪಡೆದ ಮಗುವಿಗೆ ಲಸಿಕೆಯ ಹಕ್ಕು

ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟಿನ ಮೂಲಕ ಶಬ್ದಪ್ರಪಂಚದ ಪ್ರವೇಶವನ್ನು ದೊರಕಿಸಲು ಸರ್ಕಾರದ ಯೋಜನೆಗಳು ಇಂದು ನೆರವಾಗುತ್ತಿವೆಯಾದರೂ, ಆ ಶಸ್ತ್ರಚಿಕಿತ್ಸೆಯ ಅಂಗವೇ ಆಗಿರಬೇಕಾದ ಲಸಿಕೆಗಳ ವಿಷಯವು ತಂದೆತಾಯಿಗಳ ಗಮನದಿಂದ ಜಾರಿಹೋಗುವ ಸಂಭವವುಂಟು. ಇಂಪ್ಲಾಂಟ್ ಅಳವಡಿಸುವ ಒಳಗಿವಿಗೂ ಮೆದುಳಿನ ಪೊರೆಗೂ ಇರುವ ಸಾಮೀಪ್ಯದಿಂದಾಗಿ ಇಂತಹ ಮಕ್ಕಳಿಗೆ ಮೆನಿಂಜೈಟಿಸ್, ಅಂದರೆ ಆ ಪೊರೆಯ ಸೋಂಕು, ತಗಲುವ ಅಪಾಯ ಅಧಿಕ. ಅಮೆರಿಕದಲ್ಲಿ ಇಂಪ್ಲಾಂಟ್ ಪಡೆದ 4,264 ಮಕ್ಕಳನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನವು, ನ್ಯೂಮೊಕಾಕಸ್ ರೋಗಾಣುವಿನಿಂದ ಬರುವ ಮೆನಿಂಜೈಟಿಸ್ ಅವರಲ್ಲಿ ಸಮವಯಸ್ಕರಿಗಿಂತ 30 ಪಟ್ಟಿಗೂ ಹೆಚ್ಚೆಂದು ತೋರಿಸಿತು.

ಈ ರೋಗಾಣುವಿನ ವಿರುದ್ಧ ಪಿಸಿವಿ ಲಸಿಕೆಯನ್ನು ಆರನೆಯ ವಾರ, ಹದಿನಾಲ್ಕನೆಯ ವಾರ ಮತ್ತು ಒಂಬತ್ತನೆಯ ತಿಂಗಳಿನಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ. ಆದರೆ ಇಂಪ್ಲಾಂಟ್ ಪಡೆಯುವ ಮಗುವಿಗೆ ಅಷ್ಟೇ ಸಾಲದು. ಎರಡು ವರ್ಷ ತುಂಬಿದ ಮೇಲೆ, ಪಿಸಿವಿ ಮುಗಿದು ಕನಿಷ್ಠ ಎಂಟು ವಾರಗಳಾದ ಬಳಿಕ, ಪಿಪಿಎಸ್‌ವಿ-23 ಎಂಬ ಲಸಿಕೆಯೂ ಬೇಕು. ಇದು ರಾಷ್ಟ್ರೀಯ ಲಸಿಕಾ ಪಟ್ಟಿಯಲ್ಲಿಲ್ಲವಾದ ಕಾರಣ ಪೋಷಕರು ತಾವಾಗಿಯೇ ಕೇಳುವುದು ಅವಶ್ಯ. ಸಾಧ್ಯವಾದ ಮಟ್ಟಿಗೆ ವಯಸ್ಸಿಗೆ ತಕ್ಕ ಲಸಿಕೆಗಳು ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲೇ ಪೂರ್ಣಗೊಂಡಿರತಕ್ಕದ್ದು.

ಕಾನೂನಿನ ಆಸರೆ ಇಲ್ಲಿದೆ: 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 25ನೆಯ ಕಲಮು, ಸರ್ಕಾರವು ಗೊತ್ತುಪಡಿಸುವ ಕುಟುಂಬಾದಾಯದ ಮಿತಿಗೆ ಒಳಪಟ್ಟು, ಸಮೀಪದಲ್ಲಿಯೇ ಉಚಿತ ಆರೋಗ್ಯಸೇವೆಯನ್ನೂ, ಚಿಕಿತ್ಸೆಯಲ್ಲಿ ಆದ್ಯತೆಯನ್ನೂ ಒದಗಿಸುವ ಹೊಣೆಯನ್ನು ಸರ್ಕಾರ ಹಾಗೂ ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದೆ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪಡೆಯುವ ಮುನ್ನ ಅದರ ಅಪಾಯಗಳನ್ನು ವೈದ್ಯರು ಸಾಕಷ್ಟು ವಿವರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದುದರಿಂದ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲು ಮೆನಿಂಜೈಟಿಸ್ ಮತ್ತು ಲಸಿಕೆಗಳ ಕುರಿತು ನಿಸ್ಸಂಕೋಚವಾಗಿ ಪ್ರಶ್ನಿಸಬಹುದು.

ಅನುಸರಿಸಬೇಕಾದ ಕ್ರಮವು ಸರಳವಾದುದು. ಮೊದಲು, ಹಾಕಿಸಿದ ಲಸಿಕೆಗಳೆಲ್ಲ ತಾಯಿ ಕಾರ್ಡಿನಲ್ಲಿ ದಿನಾಂಕಸಹಿತ ನಮೂದಾಗಿವೆಯೇ ಎಂದು ಆಶಾ ಕಾರ್ಯಕರ್ತೆ ಅಥವಾ ಆರೋಗ್ಯ ಕೇಂದ್ರದ ಸಿಬ್ಬಂದಿಯಿಂದ ಪರಿಶೀಲಿಸಿಕೊಳ್ಳಿರಿ. ಉಳಿದ ಲಸಿಕೆಗಳನ್ನು ಬರೆದುಕೊಡುವಂತೆ ಶಸ್ತ್ರಚಿಕಿತ್ಸಕರನ್ನು ಕೋರಿರಿ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡುವುದು 2002ರ ವೈದ್ಯಕೀಯ ವೃತ್ತಿನಿಯಮಗಳ ಪ್ರಕಾರ ವೈದ್ಯರ ಕರ್ತವ್ಯ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ನಿರಾಕೃತವಾದರೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಕಾರಣವನ್ನೂ ದಾಸ್ತಾನಿನ ವಿವರವನ್ನೂ ಮಾಹಿತಿ ಹಕ್ಕು ಅರ್ಜಿಯ ಮೂಲಕ ಕನ್ನಡದಲ್ಲಿಯೇ ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಹಕ್ಕಿನಿಂದ ವಂಚಿತವಾದ ಮಗುವಿನ ಪರವಾಗಿ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ನೀಡಬಹುದು. ಅವರು ಶಿಫಾರಸು ಮಾಡಿದಲ್ಲಿ, ಸಂಬಂಧಪಟ್ಟ ಪ್ರಾಧಿಕಾರವು ಕೈಗೊಂಡ ಕ್ರಮವನ್ನು ಮೂರು ತಿಂಗಳೊಳಗೆ ಅವರಿಗೆ ತಿಳಿಸತಕ್ಕದ್ದು.

ಶಸ್ತ್ರಚಿಕಿತ್ಸೆ ಈಗಾಗಲೇ ನೆರವೇರಿದ್ದರೂ ನಿರಾಶರಾಗಬೇಕಾದ್ದಿಲ್ಲ. ಬಿಟ್ಟುಹೋದ ಲಸಿಕೆಗಳನ್ನು ವೈದ್ಯರ ಸಲಹೆಯಂತೆ ಅನಂತರವೂ ಹಾಕಿಸಬಹುದು. ಲಸಿಕೆ ಹಾಕಿಸಿದ ಮೇಲೂ ಮಗುವಿಗೆ ಜ್ವರದೊಡನೆ ಕತ್ತು ಬಿಗಿತ, ವಾಂತಿ ಅಥವಾ ಮಂಪರು ಕಂಡುಬಂದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು, ಇಂಪ್ಲಾಂಟ್ ಇರುವ ಸಂಗತಿಯನ್ನು ಮೊದಲ ಮಾತಿನಲ್ಲಿಯೇ ವೈದ್ಯರಿಗೆ ತಿಳಿಸಿರಿ.